ಲಿಬ್‌ಪಿಕ್ಯೂ: ಸ್ಕ್ರ್ಯಾಮ್ ದೃಢೀಕರಣ

ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸಿನ ಸಿ ಭಾಷೆಯ ಕ್ಲೈಂಟ್ ಲೈಬ್ರರಿ ಲಿಬ್‌ಪಿಕ್ಯೂ. 2017ರ ಅಕ್ಟೋಬರಿನಲ್ಲಿ ಬಂದ 10ನೇ ಆವೃತ್ತಿಯಲ್ಲಿ ಇದಕ್ಕೆ ಸ್ಕ್ರ್ಯಾಮ್-ಎಸ್‌ಎಚ್‌ಎ-256 ಎಂಬ ಪಾಸ್‌ವರ್ಡ್ ಪರೀಕ್ಷೆಯ ಕ್ರಮ ಸೇರಿತು. ಹ್ಯಾಶ್ ಗಟ್ಟಿ ಮಾಡುವುದು ಸರ್ವರಿನ ಪಾಡು ಎಂಬುದು ವಾಡಿಕೆಯ ತಿಳಿವಳಿಕೆ. ಆದರೆ ಇಲ್ಲಿ ಪ್ರತಿ ಲಾಗಿನ್ನಿನ ದುಬಾರಿ ಲೆಕ್ಕವೆಲ್ಲ ಕ್ಲೈಂಟಿನದು.

ಎಂಡಿ5ರ ಕಾಲ

ಮೊದಲು ಪಾಸ್‌ವರ್ಡಿನ ಬೆನ್ನಿಗೆ ಬಳಕೆದಾರರ ಹೆಸರು ಅಂಟಿಸಿ, ಒಮ್ಮೆ ಎಂಡಿ5 ಹ್ಯಾಶ್ ಮಾಡಿ ಸರ್ವರಿನ ಕೋಷ್ಟಕದಲ್ಲಿ ಇಡಲಾಗುತ್ತಿತ್ತು. ಹೆಸರೇ ಸಾಲ್ಟ್ (ಹ್ಯಾಶ್ ಮಾಡುವಾಗ ಬೆರೆಸುವ ಹೆಚ್ಚಿನ ಅಂಶ) ಆದ್ದರಿಂದ, ‘ಪೋಸ್ಟ್‌ಗ್ರೆಸ್’ ಎಂಬ ಬಳಕೆದಾರರಿಗೆ ಒಂದೇ ಪಾಸ್‌ವರ್ಡ್ ಕೊಟ್ಟ ಸರ್ವರುಗಳಲ್ಲೆಲ್ಲ ಅಕ್ಷರ ತಪ್ಪದೆ ಒಂದೇ ಹ್ಯಾಶ್. ಹೆಸರು ಬದಲಿಸಿದರೆ ಪಾಸ್‌ವರ್ಡೇ ಅಳಿಸಿಹೋಗುತ್ತಿತ್ತು. ಸರ್ವರ್ ಒಡ್ಡುವ 4 ಬೈಟಿನ ಸವಾಲಿಗೆ ಉತ್ತರ ಕೊಡಲು ಆ ಹ್ಯಾಶೇ ಸಾಕಾಗುತ್ತಿದ್ದುದು ಇನ್ನೂ ದೊಡ್ಡ ದೋಷ: ಕೋಷ್ಟಕ ಕದ್ದವರು ಮೂಲ ಪಾಸ್‌ವರ್ಡ್ ಹುಡುಕುವ ಗೋಜಿಗೇ ಹೋಗಬೇಕಿರಲಿಲ್ಲ. ಎಂಡಿ5 ಹಳತಾದುದಕ್ಕಿಂತ ಈ ರಚನೆಯೇ ಹೆಚ್ಚು ಅಪಾಯಕಾರಿ ಎನ್ನಬಹುದು.

ಸ್ಕ್ರ್ಯಾಮ್ ನಡೆಯುವ ಬಗೆ

ಆರ್‌ಎಫ್‌ಸಿ 5802 (2010) ಮತ್ತು 7677 (2015) ಇದರ ಆಧಾರ. ಸರ್ವರ್ ಮೊದಲು ಸಾಲ್ಟನ್ನೂ ಸುತ್ತುಗಳ ಸಂಖ್ಯೆಯನ್ನೂ ಕಳಿಸುತ್ತದೆ; ಬದಲಿಸದಿದ್ದರೆ 4096 ಸುತ್ತು. ಲಿಬ್‌ಪಿಕ್ಯೂ ಪಾಸ್‌ವರ್ಡನ್ನು ಅಷ್ಟು ಸಲ ಅರೆದು, ಅದರಿಂದ ಕ್ಲೈಂಟ್ ಕೀಲಿ, ಸರ್ವರ್ ಕೀಲಿ ಎಂಬ ಎರಡನ್ನು ಪಡೆಯುತ್ತದೆ. ಸರ್ವರಿನ ಕೋಷ್ಟಕದಲ್ಲಿ ಸರ್ವರ್ ಕೀಲಿ ಇದ್ದ ಹಾಗೆಯೇ ಇರುತ್ತದೆ. ಕ್ಲೈಂಟ್ ಕೀಲಿಯ ಹ್ಯಾಶ್ ಮಾತ್ರ ಇರುತ್ತದೆ. ಆ ಹ್ಯಾಶಿನಿಂದಲೂ ಆ ಹೊತ್ತಿನ ಸಂವಾದದಿಂದಲೂ ಹುಟ್ಟಿಸಿದ ಸಹಿಯೊಡನೆ ಕ್ಲೈಂಟ್ ಕೀಲಿಯನ್ನು ಎಕ್ಸ್‌ಓಆರ್ ಮಾಡಿ ಕಳಿಸಲಾಗುತ್ತದೆ. ಸರ್ವರ್ ಅದೇ ಸಹಿಯನ್ನು ತಾನೂ ಲೆಕ್ಕಹಾಕಿ, ಕೀಲಿಯನ್ನು ಬಿಡಿಸಿ, ಹ್ಯಾಶ್ ಮಾಡಿ ತಾಳೆ ನೋಡುತ್ತದೆ. ಆಮೇಲೆ ಸರ್ವರ್ ಕೀಲಿಯಿಂದ ತನ್ನ ಗುರುತನ್ನೂ ಸಾಬೀತುಪಡಿಸಬೇಕು. ತಾಳೆಯಾಗದಿದ್ದರೆ ಲಿಬ್‌ಪಿಕ್ಯೂ ಸಂಪರ್ಕ ಕಡಿಯುತ್ತದೆ.

ಕೋಷ್ಟಕವನ್ನಷ್ಟೇ ಕದ್ದರೆ ಒಳಗೆ ಬರಲಾಗದು. ಸಂವಾದವನ್ನೂ ಕದ್ದು ಕೇಳಿದವರಿಗೆ ಕ್ಲೈಂಟ್ ಕೀಲಿ ಸಿಗುತ್ತದೆ. ಆದ್ದರಿಂದ ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ಟಿಎಲ್‌ಎಸ್ ಬಿಡುವಂತಿಲ್ಲ.

ಬಳಕೆಗೆ ಬಂದದ್ದು

ಪಾಸ್‌ವರ್ಡ್ ಬದಲಿಸಲು ಇದ್ದ ಹಳೆಯ ಫಂಕ್ಷನ್ನಿಗೆ ಎಂಡಿ5 ಒಂದೇ ಗೊತ್ತು. ಸರ್ವರಿನ ಆಯ್ಕೆಯನ್ನು ಕೇಳಿ ತಿಳಿಯಬಲ್ಲ ಹೊಸದೊಂದನ್ನು 10ರಲ್ಲೇ ಸೇರಿಸಲಾಯಿತು. ಹಳೆಯ ಲೈಬ್ರರಿಗಳೆದುರು ಸ್ಕ್ರ್ಯಾಮ್ ಕಡ್ಡಾಯ ಮಾಡಿದರೆ, 10 ಅಥವಾ ಮೇಲಿನ ಲಿಬ್‌ಪಿಕ್ಯೂ ಬೇಕೆಂಬ ದೋಷಸಂದೇಶವಷ್ಟೇ ಬರುತ್ತಿತ್ತು. ಹಳೆಯ ಹ್ಯಾಶನ್ನು ಹೊಸದಕ್ಕೆ ಮಾರ್ಪಡಿಸುವ ದಾರಿಯಿಲ್ಲ. ಪ್ರತಿಯೊಬ್ಬರೂ ಪಾಸ್‌ವರ್ಡನ್ನು ಮತ್ತೆ ಕೊಡಲೇಬೇಕು. ಬಹುಶಃ ಇದರಿಂದಲೇ ಸರ್ವರ್ ಸ್ಕ್ರ್ಯಾಮನ್ನು ತಾನಾಗಿ ಆರಿಸಿಕೊಳ್ಳಲು 14ನೇ ಆವೃತ್ತಿಯವರೆಗೆ (2021) ತಡವಾಯಿತು. 2025ರ 18ನೇ ಆವೃತ್ತಿ ಎಂಡಿ5 ಪಾಸ್‌ವರ್ಡ್ ಇಡುವವರಿಗೆ ಎಚ್ಚರಿಕೆ ಕೊಡುತ್ತದೆ, ತಡೆಯುವುದಿಲ್ಲ.