ಒಂದೇ ವಾಚ್ ಕಟ್ಟುತ್ತಿದ್ದರೆ ಬೀರುವಿನಲ್ಲಿರುವ ಉಳಿದವು ಹಾಳಾಗುತ್ತವೆಯೇ?

ಮನೆಯಲ್ಲಿ ನಾಲ್ಕೈದು ವಾಚ್ ಇದ್ದರೂ ದಿನಾ ಕೈಗೆ ಏರುವುದು ಒಂದೇ. ಮದುವೆಗೆ ಬಂದದ್ದು, ಅಪ್ಪ ಕಟ್ಟುತ್ತಿದ್ದ ಎಚ್‌ಎಂಟಿ, ಆಸೆಪಟ್ಟು ಕೊಂಡದ್ದು ಎಲ್ಲವೂ ಬೀರುವಿನಲ್ಲಿ. "ಕಟ್ಟದೆ ಇಟ್ಟ ವಾಚ್ ಕೆಟ್ಟುಹೋಗುತ್ತದೆ, ದಿನಾ ಕೀ ಕೊಡಬೇಕು" ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಎಷ್ಟು ನಿಜ? ನೋಡೋಣ.

ಒಂದೇ ವಾಚ್ ಏಕೆ ಗೆಲ್ಲುತ್ತದೆ?

ಕೀ ಕೊಡುವ ವಾಚ್ ಒಮ್ಮೆ ಪೂರ್ತಿ ಕೀ ಕೊಟ್ಟರೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ದಿನ ಓಡುತ್ತದೆ. ವಾರ ಬಿಟ್ಟು ತೆಗೆದರೆ ನಿಂತಿರುತ್ತದೆ. ಕೆಲಸಕ್ಕೆ ಹೊರಡುವ ಅವಸರದಲ್ಲಿ ಸಮಯ, ತಾರೀಖು ಸರಿಮಾಡುತ್ತ ಕೂರಲು ಪುರುಸೊತ್ತು ಎಲ್ಲಿ? ಕೈ ತಾನಾಗಿಯೇ ಓಡುತ್ತಿರುವ ವಾಚಿನತ್ತ ಹೋಗುತ್ತದೆ. ನಿಂತದ್ದು ಇನ್ನಷ್ಟು ಮೂಲೆ ಸೇರುತ್ತದೆ.

ಕೀ ಕೊಡುವ ವಾಚ್: ನಿಂತರೆ ಭಯವಿಲ್ಲ

ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಶುರುವಾಯಿತು. ಅಲ್ಲಿಂದ ಬಂದ ಕೀ ಕೊಡುವ ವಾಚ್‌ಗಳು ಇಂದಿಗೂ ಎಷ್ಟೋ ಮನೆಗಳಲ್ಲಿವೆ. ಇವುಗಳ ಪುಟ್ಟ ಹಲ್ಲಿನ ಚಕ್ರಗಳಿಗೆ ಹನಿ ಎಣ್ಣೆ ಬೇಕು. ವಾಚ್ ಓಡಲಿ, ನಿಲ್ಲಲಿ, ವರ್ಷಗಳು ಕಳೆದಂತೆ ಆ ಎಣ್ಣೆ ಒಣಗುತ್ತದೆ. ದಿನಾ ಕೀ ಕೊಟ್ಟ ಮಾತ್ರಕ್ಕೆ ಅದು ಹೊಸದಾಗಿ ಉಳಿಯುವುದಿಲ್ಲ. ಬದಲಿಗೆ, ಎಣ್ಣೆ ಒಣಗಿದ ವಾಚನ್ನು ಓಡಿಸಿದರೆ ಚಕ್ರಗಳ ತುದಿ ಸವೆಯುತ್ತದೆ. ಹತ್ತಾರು ವರ್ಷ ನಿಂತಿದ್ದ ವಾಚನ್ನು ಮತ್ತೆ ಕಟ್ಟುವ ಆಸೆಯಿದ್ದರೆ ಮೊದಲು ರಿಪೇರಿ ಅಂಗಡಿಯಲ್ಲಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿಸಿ. ಆಮೇಲೆ ಕೀ ಕೊಡಿ.

ಸೆಲ್ ವಾಚ್: ಅಪಾಯ ಇಲ್ಲಿದೆ

ಕ್ವಾರ್ಟ್ಜ್ ವಾಚಿನೊಳಗಿನ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಅದಕ್ಕೆ ಶಕ್ತಿ ಕೊಡುವುದು ಗುಂಡಿಯಂಥ ಸೆಲ್. ಸೆಲ್ ಮುಗಿದು ವಾಚ್ ನಿಂತಾಗ ನಾವು ಅದನ್ನು ಹಾಗೆಯೇ ಒಳಗಿಡುತ್ತೇವೆ. ತಪ್ಪಾಗುವುದು ಇಲ್ಲೇ. ಖಾಲಿಯಾದ ಸೆಲ್ ಕಾಲಕ್ರಮೇಣ ಸೋರಬಹುದು. ಒಳಗಿನ ಕ್ಷಾರ ಹೊರಬಂದರೆ ಲೋಹದ ಭಾಗಗಳನ್ನು, ಸೂಕ್ಷ್ಮ ತಂತಿ ಸುರುಳಿಯನ್ನು ತಿಂದುಹಾಕುತ್ತದೆ. ಪಕ್ಕದ ತಿರುಗಿಸುವ ಗುಂಡಿಯನ್ನು ಹೊರಗೆಳೆದಿಟ್ಟರೆ ಮುಳ್ಳುಗಳು ನಿಲ್ಲುತ್ತವೆ, ಸೋರುವ ಅಪಾಯ ಮಾತ್ರ ಹೋಗುವುದಿಲ್ಲ. ತಿಂಗಳುಗಟ್ಟಲೆ ಕಟ್ಟುವುದಿಲ್ಲ ಎಂದಾದರೆ ಸೆಲ್ ತೆಗೆಸಿಬಿಡಿ.

ತೆಗೆದ ಸೆಲ್ ಮಕ್ಕಳ ಕೈಗೆ ಸಿಗಬಾರದು. ಗುಂಡಿ ಸೆಲ್ ನುಂಗಿದರೆ ಅನ್ನನಾಳ ಸುಡುವ ಸಾಧ್ಯತೆಯಿದೆ. ಮಗು ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಬೇಡಿ, ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಎಲ್ಲಿಡಬೇಕು?

ತೇವ ಎರಡೂ ಬಗೆಯ ವಾಚ್‌ಗೆ ಶತ್ರು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಚರ್ಮದ ಬೆಲ್ಟಿಗೆ ಬೂಸ್ಟು ಹಿಡಿಯುತ್ತದೆ. ಬೆವರು ಒರೆಸಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಸ್ಪೀಕರ್, ಅಯಸ್ಕಾಂತವಿರುವ ಮೊಬೈಲ್ ಕವರ್‌ನಿಂದ ದೂರವಿಡಿ. ಕೀ ಕೊಡುವ ವಾಚಿನ ಕೂದಲೆಳೆಯಂಥ ಸ್ಪ್ರಿಂಗ್‌ಗೆ ಅಯಸ್ಕಾಂತದ ಗುಣ ಹತ್ತಿದರೆ ಅದು ಸಮಯಕ್ಕಿಂತ ಮುಂದೆ ಓಡತೊಡಗುತ್ತದೆ.

ನಾವು ಹೇಳುವುದಿಷ್ಟು

"ಕಟ್ಟದ ವಾಚ್ ಕೆಡುತ್ತದೆ" ಎಂಬುದು ಅರ್ಧ ಸತ್ಯ. ಕೆಡಿಸುವುದು ವಿಶ್ರಾಂತಿಯಲ್ಲ. ಒಳಗೇ ಉಳಿದ ಹಳೆಯ ಸೆಲ್, ತೇವ ಮತ್ತು ಒಣಗಿದ ಎಣ್ಣೆ. ಇಷ್ಟದ ವಾಚನ್ನೇ ದಿನಾ ಕಟ್ಟಿ, ತಪ್ಪೇನಿಲ್ಲ. ಈ ಭಾನುವಾರ ಬೀರು ತೆಗೆದು, ನಿಂತಿರುವ ಸೆಲ್ ವಾಚ್ ಎಷ್ಟಿವೆ ಎಂದು ಒಮ್ಮೆ ಎಣಿಸಿ ನೋಡಿ.