ಹಳದಿ ಹಕ್ಕಿಯ ವಂಶಾವಳಿ

1987ರ ಏಪ್ರಿಲ್. ಜರ್ಮನಿಯ ಎರಾ-ಲೆಸ್ಸಿಯನ್‌ನಲ್ಲಿರುವ ಫೋಕ್ಸ್‌ವ್ಯಾಗನ್ ಪರೀಕ್ಷಾ ರಸ್ತೆಯಲ್ಲಿ ಅಮೆರಿಕದ ‘ರೋಡ್ ಅಂಡ್ ಟ್ರ್ಯಾಕ್’ ಪತ್ರಿಕೆ ಆ ಕಾಲದ ಅತಿವೇಗದ ಕಾರುಗಳನ್ನು ಒಟ್ಟುಹಾಕಿತ್ತು. ಪೋರ್ಷೆ ಕಂಪನಿ ತನ್ನ ಜಾಣ್ಮೆಯನ್ನೆಲ್ಲ ಸುರಿದು ಕಟ್ಟಿದ 959 ಕೂಡ ಅಲ್ಲಿತ್ತು. ಓಡಿಸಲು ಬಂದವರೂ ಸಾಮಾನ್ಯರಲ್ಲ: 1961ರ ಫಾರ್ಮುಲಾ ಒನ್ ಚಾಂಪಿಯನ್ ಫಿಲ್ ಹಿಲ್, 1960ರಲ್ಲಿ ಲೆ ಮಾನ್ಸ್ ಗೆದ್ದಿದ್ದ ಪಾಲ್ ಫ್ರೇರ್. ಎಲ್ಲವನ್ನೂ ಹಿಂದೆ ಹಾಕಿದ್ದು ಮಾತ್ರ ನೋಡಲು ಹಳೆಯ ಪೋರ್ಷೆ 911ರಂತೆಯೇ ಇದ್ದ ಒಂದು ಹಳದಿ ಕಾರು. ಅದು ಮುಟ್ಟಿದ ವೇಗ ಗಂಟೆಗೆ 339 ಕಿಲೋಮೀಟರ್. ಪತ್ರಕರ್ತರು ಅದನ್ನು ‘ಯೆಲ್ಲೊಬರ್ಡ್’ ಎಂದು ಕರೆದರು. ಕಟ್ಟಿದವರು ಕೊಟ್ಟ ಹೆಸರು ಸಿಟಿಆರ್.

ಕಟ್ಟಿದ್ದು ಬವೇರಿಯಾದ ಫಾಫೆನ್‌ಹೌಸನ್ ಎಂಬ ಸಣ್ಣ ಊರಿನ ಒಂದು ಗ್ಯಾರೇಜು. 1939ರಲ್ಲಿ ಅಲೋಯಿಸ್ ರೂಫ್ ತೆರೆದದ್ದು. 1963ರಲ್ಲಿ ಅಪಘಾತಕ್ಕೆ ಸಿಕ್ಕಿದ ಒಂದು ಪೋರ್ಷೆ 356 ಕಾರನ್ನು ಕೊಂಡು ರಿಪೇರಿ ಮಾಡಿದ್ದೇ ಈ ನಂಟಿನ ಮೊದಲು ಎಂದು ಆ ಮನೆಯವರು ಹೇಳುತ್ತಾರೆ. 1974ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅದೇ ಹೆಸರಿನ ಮಗ ಗ್ಯಾರೇಜನ್ನು ವಹಿಸಿಕೊಂಡ.

ಆ ದಶಕದಲ್ಲಿ 911ರ ಮೇಲೆ ಪೋರ್ಷೆಗೇ ಭರವಸೆ ಉಳಿದಿರಲಿಲ್ಲ. ಎಂಜಿನ್ ಹಿಂದಿರುವ, ಗಾಳಿಯಿಂದ ತಣಿಯುವ ಆ ಕಾರನ್ನು ನಿಲ್ಲಿಸಿ 928ಕ್ಕೆ ಜಾಗ ಕೊಡುವುದು ಕಂಪನಿಯ ಎಣಿಕೆ. 1981ರಲ್ಲಿ ಬಂದ ಮುಖ್ಯಸ್ಥ ಪೀಟರ್ ಶುಟ್ಜ್ ಆ ಯೋಜನೆಯನ್ನು ಕೈಬಿಟ್ಟ. ಹುಟ್ಟಿಸಿದವರೇ ಅನುಮಾನಿಸುತ್ತಿದ್ದ ವರ್ಷಗಳಲ್ಲಿ ಅದನ್ನು ತಿದ್ದುತ್ತ ಕೂತವನು ಈ ಹಳ್ಳಿಗಾಡಿನ ಮೆಕ್ಯಾನಿಕ್ ಎಂಬುದು ನನಗೆ ಈ ಕಥೆಯ ಅತ್ಯಂತ ಇಷ್ಟದ ಭಾಗ.

ತಿದ್ದಿದ್ದು ಹೇಗೆ? ಪೋರ್ಷೆಯ ಟರ್ಬೊ ಮಾದರಿಯ ಅಗಲ ಒಡಲನ್ನು ಬಿಟ್ಟು ರೂಫ್ ಸಾಧಾರಣ 911 ಕರೇರಾದ ಕಿರಿದಾದ ಒಡಲನ್ನೇ ಆರಿಸಿಕೊಂಡ. ಗಾಳಿಗೆ ಎದುರಾಗುವ ಮೈ ಕಡಿಮೆಯಾದಷ್ಟೂ ತಡೆ ಕಡಿಮೆ. ಬಾಗಿಲುಗಳ ಮೇಲೆ ಮಳೆನೀರು ಹರಿಯಲು ಇದ್ದ ಅಂಚುಗಳನ್ನೂ ಕೊಯ್ದು ಬೆಸೆದು ನಯಗೊಳಿಸಿದರು. ಬಾಗಿಲು, ಬಾನೆಟ್ಟು ಅಲ್ಯುಮಿನಿಯಮ್ಮಿನವು. ಎಂಜಿನ್ 3.4 ಲೀಟರಿನದು. ಅದಕ್ಕೆ ಎರಡು ಟರ್ಬೊ, ಲೆಕ್ಕಕ್ಕೆ 469 ಅಶ್ವಶಕ್ತಿ. ಪೋರ್ಷೆ ತನ್ನ ಟರ್ಬೊಗೆ 1989ರವರೆಗೂ ನಾಲ್ಕೇ ಗೇರು ಕೊಡುತ್ತಿದ್ದಾಗ ರೂಫ್ ತನ್ನದೇ ಐದು ಗೇರಿನ ಪೆಟ್ಟಿಗೆ ಮಾಡಿಸಿದ್ದ. ಚಾಲಕನ ತಪ್ಪನ್ನು ತಿದ್ದುವ ಯಾವ ಎಲೆಕ್ಟ್ರಾನಿಕ್ ಸಾಧನವೂ ಇದರಲ್ಲಿಲ್ಲ. ಸ್ಟೆಫನ್ ರೋಸರ್ ಹೆಲ್ಮೆಟ್ಟಿಲ್ಲದೆ, ನ್ಯೂರ್‌ಬರ್ಗ್‌ರಿಂಗ್‌ನ ತಿರುವುಗಳಲ್ಲಿ ಇದರ ಹಿಂಭಾಗವನ್ನು ಜಾರಿಸುತ್ತ ಓಡಿಸಿದ ವಿಡಿಯೋವನ್ನು ಇಂದಿಗೂ ಜನ ಉಸಿರು ಬಿಗಿಹಿಡಿದು ನೋಡುತ್ತಾರೆ.

ಹಾಗಾದರೆ ಇದು ಯಾರ ಕಾರು? ಜರ್ಮನ್ ಕಾನೂನಿನ ಉತ್ತರ ಖಚಿತ. 1981ರಲ್ಲೇ ರೂಫ್‌ಗೆ ತಯಾರಕನ ಮಾನ್ಯತೆ ಸಿಕ್ಕಿತ್ತು. ಪೋರ್ಷೆಯಿಂದ ಬರುತ್ತಿದ್ದದ್ದು ಬಣ್ಣ ಬಳಿಯದ, ಸಂಖ್ಯೆ ಕೊರೆಯದ ಬರಿಯ ಒಡಲು. ಅದರ ಮೇಲೆ ರೂಫ್ ಕೊರೆದ ಚಾಸಿಸ್ ಸಂಖ್ಯೆ W09 ಎಂದು ಶುರುವಾಗುತ್ತದೆ. ಮೂರನೆಯ ಜಾಗದ ಆ 9, ವರ್ಷಕ್ಕೆ ಕೆಲವೇ ವಾಹನ ಮಾಡುವವರ ಗುರುತು. ಅಂದರೆ ಸಣ್ಣವನು ಎಂಬುದು ಸಂಖ್ಯೆಯಲ್ಲೇ ಬರೆದಿದೆ! ಹೀಗೆ ರೂಫ್ ಸಂಖ್ಯೆ ಹೊತ್ತ ಸಿಟಿಆರ್‌ಗಳು 29. ಗಿರಾಕಿಗಳು ತಂದ ಪೋರ್ಷೆಗಳನ್ನೇ ಮಾರ್ಪಡಿಸಿ ಕೊಟ್ಟವು ಬೇರೆ ಲೆಕ್ಕ. ಯಂತ್ರ ಒಂದೇ ಆದರೂ ಸಂಗ್ರಾಹಕರು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಮೂಲಪ್ರತಿ, ಪಾಠಾಂತರ ಎಂದು ತಲೆಕೆಡಿಸಿಕೊಳ್ಳುವ ನಮ್ಮಂಥವರಿಗೆ ಈ ಜಗಳ ಹೊಸದೇನಲ್ಲ.

ಆ ಸಂಖ್ಯೆ ಇನ್ನೊಂದು ವಿಚಿತ್ರಕ್ಕೂ ಕಾರಣವಾಯಿತು. ಬಹಳ ವರ್ಷ ವಿಡಿಯೋ ಗೇಮುಗಳಲ್ಲಿ ಪೋರ್ಷೆ ಹೆಸರು ಬಳಸುವ ಹಕ್ಕು ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ಬಳಿ ಮಾತ್ರ ಇತ್ತು. ರೂಫ್ ಬೇರೆಯೇ ತಯಾರಕನಾದ್ದರಿಂದ ‘ಗ್ರಾನ್ ಟೂರಿಸ್ಮೊ’ದವರು ಅವನ ಕಾರುಗಳನ್ನು ಹಾಕಿಕೊಂಡರು. ನನ್ನ ವಯಸ್ಸಿನ ಅನೇಕರು ಪೋರ್ಷೆಗಿಂತ ಮೊದಲು ರೂಫ್ ಹೆಸರು ಕಲಿತದ್ದು ಹೀಗೆ.

2017ರ ಜಿನೀವಾ ಮೋಟಾರ್ ಶೋನಲ್ಲಿ ರೂಫ್ ಮತ್ತೊಂದು ಹಳದಿ ಸಿಟಿಆರ್ ತಂದ. ಆಕಾರ 1987ರದೇ. ಒಳಗಿನ ಕಾರ್ಬನ್ ಫೈಬರಿನ ಒಡಲು ಮಾತ್ರ ಪೋರ್ಷೆಯಿಂದ ಬಂದದ್ದಲ್ಲ, ರೂಫ್‌ನ ಸ್ವಂತದ್ದು.