ಮೂರು ಕಲ್ಯಾಣಗಳು

ಸಂಜೆ ಹೊತ್ತು ಸೆಂಟ್ರಲ್ ಲೈನಿನ ಲೋಕಲ್ ಗಾಡಿಯಲ್ಲಿ ನಿಂತುಕೊಂಡು ಬರುವವರಿಗೆ ಕಲ್ಯಾಣ್ ಅಂದರೆ ಒಂದು ಜಂಕ್ಷನ್, ಅಷ್ಟೇ. ನೂಕಾಟ, ಬೆವರು, ಸೀಟಿಗಾಗಿ ಜಗಳ. ನಾನೂ ಬಹಳ ವರ್ಷ ಹಾಗೇ ತಿಳಿದಿದ್ದೆ. 1983ರಲ್ಲಿ ಬ್ಯಾಂಕಿನ ಆರ್ಡರನ್ನು ಕಿಸೆಯಲ್ಲಿಟ್ಟುಕೊಂಡು, ಬಿಜಾಪುರದಿಂದ ಮೀಟರ್ ಗೇಜ್ ಗಾಡಿಯಲ್ಲಿ ಸೊಲ್ಲಾಪುರಕ್ಕೆ ಬಂದು, ಅಲ್ಲಿ ದೊಡ್ಡ ಗಾಡಿ ಹತ್ತಿ ಬೆಳಗಿನ ಜಾವ ಇಳಿದದ್ದು ಇದೇ ಕಲ್ಯಾಣದಲ್ಲಿ. ಆಮೇಲೆ ಪಕ್ಕದ ಡೊಂಬಿವಲಿಯಲ್ಲಿ ಮನೆ ಮಾಡಿದೆ. ಅಲ್ಲೇ ಮಗಳು ಹುಟ್ಟಿದಳು, ಅಲ್ಲೇ ನಿವೃತ್ತನೂ ಆದೆ.

ನಮ್ಮದು ಬಸವನ ಬಾಗೇವಾಡಿ ಕಡೆಯ ಹಳ್ಳಿ. ನಮ್ಮ ಅಜ್ಜ ಹೇಳುತ್ತಿದ್ದರು, “ನಮಗ ಮುಂಬೈ ಪರಊರಲ್ಲೋ, ನಮ್ಮ ರಾಜಧಾನಿ.” ಅವರ ಮಾತಿನಲ್ಲಿ ತಪ್ಪಿಲ್ಲ. 1956ರ ನವೆಂಬರ್ 1ರವರೆಗೆ ಬಿಜಾಪುರ, ಧಾರವಾಡ, ಬೆಳಗಾವಿ, ಕಾರವಾರದ ಜಿಲ್ಲೆಗಳೆಲ್ಲ ಮುಂಬೈ ಆಡಳಿತದಲ್ಲೇ ಇದ್ದವು. ಅಂದರೆ ಅಜ್ಜ ಮುಂಬೈಗೆ ಬಂದಾಗ ಒಳನಾಡಿನವರು. ಅದೇ ದಾರಿಯಲ್ಲಿ ಮೊಮ್ಮಗ ಬಂದಾಗ ಹೊರನಾಡಿನವ! ಗಡಿಗೆರೆ ಎನ್ನುವುದು ಹೀಗೆ ನಮ್ಮ ಕಾಲ ಕೆಳಗೇ ಸರಿದಾಡುವ ವಸ್ತು. ಈ ಮಾತು ನನಗೆ ಪೂರ್ತಿ ಅರ್ಥವಾದದ್ದು ಮಗಳ ಮದುವೆಯ ಓಡಾಟದಲ್ಲಿ.

ಮಗಳು ಮೆಚ್ಚಿದ ಹುಡುಗ ಬಂಗಾಳಿ. ಹುಟ್ಟಿ ಬೆಳೆದದ್ದೆಲ್ಲ ಮುಂಬೈಯಲ್ಲೇ. ಇಬ್ಬರೂ ಒಂದೇ ಆಫೀಸು, ಒಂದೇ ಲೋಕಲ್ ಗಾಡಿ. ವಿಷಯ ತಿಳಿದ ದಿನ ಊರಿನಿಂದ ಅಕ್ಕನ ಫೋನು ಬಂತು. “ಏ ತಮ್ಮಾ, ಅವರು ಮೀನಾ ತಿಂತಾರಂತಲ್ಲೋ! ನಮ್ಮ ಮನೆತನದಾಗ ಇಂಥಾದ್ದು ಎಂದರೆ ಆಗೇತೇನು?” ನನ್ನ ಹತ್ತಿರ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಮನಸ್ಸಿನಲ್ಲಿ ಇದ್ದದ್ದೂ ಅದೇ ಪ್ರಶ್ನೆ.

ಹುಡುಗನ ಮನೆಗೆ ಹೋದೆವು. ಅವರ ತಂದೆ ರೈಲ್ವೆಯಲ್ಲಿದ್ದು ನಿವೃತ್ತರಾದವರು, ಇತಿಹಾಸದ ಹುಚ್ಚಿನವರು. ಚಹಾ ಬಂತು. ನಾನು ಗಂಭೀರವಾಗಿ ಕೂತಿದ್ದೆ. ಅವರು ನಕ್ಕು ಹಿಂದಿಯಲ್ಲಿ ಕೇಳಿದರು: “ಸಾಹೇಬರೇ, ನೀವು ಕರ್ನಾಟಕದವರಲ್ಲವೇ? ಹಾಗಾದರೆ ನಮ್ಮನ್ನು ಆಳಿದವರು ನೀವೇ. ಈಗ ಹೆಣ್ಣು ಕೊಡಲು ಯಾಕೆ ಹಿಂದೆಮುಂದೆ ನೋಡುತ್ತೀರಿ?” ಬೀಗರ ತಮಾಷೆ ಅಂದುಕೊಂಡೆ. ಎಂ.ಕಾಂ. ಓದಿ ಲೆಡ್ಜರಿನಲ್ಲಿ ಆಯುಷ್ಯ ಕಳೆದವನಿಗೆ ಇತಿಹಾಸ ಎಲ್ಲಿಂದ ಬರಬೇಕು? ಆದರೆ ಬ್ಯಾಂಕಿನವನ ಚಾಳಿ, ಯಾರು ಏನು ಹೇಳಿದರೂ ದಾಖಲೆ ನೋಡಬೇಕು. ಗ್ರಂಥಾಲಯ ಹೊಕ್ಕೆ.

ದಾಖಲೆ ಇತ್ತು! ಬಂಗಾಳವನ್ನು 12ನೇ ಶತಮಾನದಲ್ಲಿ ಆಳಿದವರು ಸೇನ ವಂಶದ ಅರಸರು. ಈಗಿನ ಬಾಂಗ್ಲಾದೇಶದ ರಾಜಶಾಹಿ ಜಿಲ್ಲೆಯ ದೇವಪಾರಾದಲ್ಲಿ ಸಿಕ್ಕ ವಿಜಯಸೇನನ ಶಾಸನ ಇವರ ಮೂಲವನ್ನು ಹೇಳುತ್ತದೆ. ಇವರ ಹಿರಿಯ ಸಾಮಂತಸೇನ ದಕ್ಷಿಣದವನು. ಕರ್ನಾಟದ ಸಂಪತ್ತನ್ನು ದೋಚಲು ಬಂದವರೊಡನೆ ಕಾದಾಡಿ, ವಯಸ್ಸಾದ ಮೇಲೆ ಗಂಗಾತೀರದ ಆಶ್ರಮಗಳ ಕಡೆಗೆ ಹೋದವನು. (ನಿವೃತ್ತರು ದೂರದೂರಿನಲ್ಲಿ ನೆಲೆ ನಿಲ್ಲುವ ಪದ್ಧತಿ ಆಗಲೇ ಇತ್ತು ಅನ್ನಿ!) ವಂಶದ ಇನ್ನೊಂದು ತಾಮ್ರಪಟ ತಮ್ಮನ್ನು ನೇರವಾಗಿ ಕರ್ನಾಟ ಕ್ಷತ್ರಿಯರೆಂದೇ ಕರೆದುಕೊಳ್ಳುತ್ತದೆ.

ಕನ್ನಡಿಗರು ಅಷ್ಟು ದೂರ ಹೋದದ್ದು ಹೇಗೆ? ಕಲ್ಯಾಣದ ಚಾಲುಕ್ಯ ರಾಜಕುಮಾರ ವಿಕ್ರಮಾದಿತ್ಯ ತಂದೆಯ ಕಾಲದಲ್ಲೇ ಗೌಡ, ಕಾಮರೂಪಗಳವರೆಗೆ, ಅಂದರೆ ಬಂಗಾಳ, ಅಸ್ಸಾಮಿನವರೆಗೆ ದಂಡೆತ್ತಿ ಹೋದನೆಂದು ಕವಿ ಬಿಲ್ಹಣ ಬರೆದಿದ್ದಾನೆ. ಅಂಥ ದಂಡಿನ ಜೊತೆ ಹೋದವರು ಅಲ್ಲೇ ಉಳಿದಿರಬೇಕೆಂದು ಅನೇಕ ಇತಿಹಾಸಕಾರರ ಊಹೆ. ಈ ಬಿಲ್ಹಣನಾದರೂ ಎಲ್ಲಿಯವನು? ಕಾಶ್ಮೀರದಿಂದ ಹೊಟ್ಟೆಪಾಡಿಗಾಗಿ ಊರೂರು ತಿರುಗಿ, ಕೊನೆಗೆ ನಮ್ಮ ಕಲ್ಯಾಣದಲ್ಲಿ ವಿದ್ಯಾಪತಿಯಾದವನು. ಅವನೂ ಹೊರನಾಡಿನವನೇ.

ಇಷ್ಟು ಓದಿದ ಮೇಲೆ ಬೀಗರಿಗೆ ಫೋನು ಮಾಡಿದೆ. “ಇನ್ನೂ ಒಂದು ಪುಟ ಮುಂದೆ ಹೋಗಿ,” ಅಂದರು. ಹೋದೆ. ವಿಜಯಸೇನನ ಮಗ ಬಲ್ಲಾಳಸೇನ ಮದುವೆಯಾದದ್ದು ಚಾಲುಕ್ಯ ರಾಜಕುಮಾರಿ ರಾಮದೇವಿಯನ್ನು. ಇವರ ಮಗನೇ ಲಕ್ಷ್ಮಣಸೇನ, ಗೀತಗೋವಿಂದದ ಜಯದೇವ ಇದ್ದ ಆಸ್ಥಾನದ ಒಡೆಯ. ಅಂದರೆ ನಮ್ಮ ಕಡೆಯ ಹೆಣ್ಣು ಬಂಗಾಳಕ್ಕೆ ಸೊಸೆಯಾಗಿ ಹೋಗಿ ಎಂಟುನೂರಕ್ಕೂ ಹೆಚ್ಚು ವರ್ಷ ಆಗಿತ್ತು!

ಇನ್ನೊಂದು ವಿಚಿತ್ರ ನೋಡಿ. ಬಂಗಾಳದಲ್ಲಿ ಕುಲೀನ ಪದ್ಧತಿ ಎಂಬುದೊಂದಿತ್ತು. ಯಾವ ಕುಲದವರು ಯಾರಿಗೆ ಹೆಣ್ಣು ಕೊಡಬೇಕು, ಯಾರಿಗೆ ಕೊಡಬಾರದು ಎಂಬ ಬಿಗಿಯಾದ ಲೆಕ್ಕ. ಅದನ್ನು ಕಟ್ಟಿದವನು ಬಲ್ಲಾಳಸೇನನೇ ಎಂದು ಅಲ್ಲಿನ ಕುಲಗ್ರಂಥಗಳು ಹೇಳುತ್ತವೆ. ಸೇನರ ಶಾಸನಗಳಲ್ಲಿ ಆ ಮಾತಿಲ್ಲವೆಂದು ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಆದರೂ ಶತಮಾನಗಳ ಕಾಲ ಜನ ನಂಬಿದ್ದು ಹೀಗೆ. ಪರನಾಡಿನಿಂದ ಬಂದ ಮನೆತನದವನು, ಪರನಾಡಿನ ಹೆಣ್ಣನ್ನು ತಂದುಕೊಂಡವನು. ಮದುವೆಯ ಬೇಲಿಗೆ ಕಾವಲುಗಾರನೆಂದು ಹೆಸರು ಬಂದದ್ದೂ ಅವನಿಗೇ!

ಹೆಚ್ಚುಕಡಿಮೆ ಅದೇ ಹೊತ್ತಿಗೆ ಇತ್ತ ಕಲ್ಯಾಣದಲ್ಲಿ ಏನು ನಡೆದಿತ್ತು ಎಂಬುದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಶರಣರು ಲಗ್ನ ಮಾಡಿದರು. ಬಿಜ್ಜಳನ ಆಜ್ಞೆಯಿಂದ ಇಬ್ಬರು ತಂದೆಯರೂ ಪ್ರಾಣ ತೆತ್ತರು, ಕಲ್ಯಾಣ ಹೊತ್ತಿ ಉರಿಯಿತು ಎಂಬುದು ಶರಣ ಪರಂಪರೆಯ ಕಥನ. ಮದುವೆಗೆ ನಾವು ಕಲ್ಯಾಣ ಅನ್ನುತ್ತೇವೆ. ಒಂದು ಕಲ್ಯಾಣಕ್ಕಾಗಿ ಇನ್ನೊಂದು ಕಲ್ಯಾಣ ಹಾಳಾಯಿತು.

ಈ ಕಥೆ ನಮ್ಮ ಮನೆಯಲ್ಲಿ ಬಸವ ಜಯಂತಿ ದಿನ ಪ್ರತಿವರ್ಷ ಹೇಳುತ್ತಿದ್ದೆವು. ನಾನೂ ಹೇಳಿದ್ದೇನೆ. ಆದರೆ 1989ರಲ್ಲಿ ನನ್ನ ತಮ್ಮ ನಮ್ಮ ಡೊಂಬಿವಲಿ ಮನೆಯಲ್ಲಿದ್ದು ಠಾಣೆಯ ಒಂದು ಕಂಪನಿಗೆ ಕೆಲಸಕ್ಕೆ ಹೋಗುತ್ತಿದ್ದ. ಜೊತೆಗೆ ಕೆಲಸ ಮಾಡುವ ಮರಾಠಿ ಹುಡುಗಿಯನ್ನು ಲಗ್ನ ಆಗ್ತೀನಿ ಅಂದ. ನಾನು “ಬ್ಯಾಡ” ಅಂದೆ. ಊರಿನವರಿಗೆ ಏನು ಹೇಳಲಿ ಅಂದೆ. ಅವನು ಏನೂ ಮಾತಾಡಲಿಲ್ಲ. ಗೋಡೆಯ ಮೇಲಿನ ಬಸವಣ್ಣನ ಫೋಟೋ ಕಡೆ ಒಮ್ಮೆ ನೋಡಿದ, ನನ್ನ ಕಡೆ ಒಮ್ಮೆ ನೋಡಿದ. ಎಂಟು ದಿನದಲ್ಲಿ ಕೆಲಸ ಬಿಟ್ಟು ಊರಿಗೆ ಹೋದ. ನಾವು ತೋರಿಸಿದ ಹುಡುಗಿಯನ್ನೇ ಲಗ್ನವಾದ, ಹೊಲ ಮಾಡಿಕೊಂಡು ಚೆನ್ನಾಗೇ ಇದ್ದಾನೆ. ಮಾತು ಬಿಟ್ಟಿರಲಿಲ್ಲ. ಆದರೆ ಮುಂಬೈಗೆ ಮಾತ್ರ ಮತ್ತೆ ಕಾಲಿಡಲಿಲ್ಲ.

ಮದುವೆಯ ಕಾಗದಪತ್ರದ ಕೆಲಸ ನನ್ನ ಪಾಲಿಗೆ ಬಂತು. ಅಲ್ಲೂ ಇತಿಹಾಸವೇ ಎದುರಾಯಿತು. ಜಾತಿ ಮತ ಬಿಟ್ಟು ಮದುವೆಯಾಗುವವರಿಗೆ ನಮ್ಮ ದೇಶದಲ್ಲಿ ಮೊದಲ ಕಾಯಿದೆ ಬಂದದ್ದು 1872ರಲ್ಲಿ. ಅದಕ್ಕಾಗಿ ಹೋರಾಡಿದವರು ಬಂಗಾಳದ ಬ್ರಹ್ಮ ಸಮಾಜದ ಕೇಶವಚಂದ್ರ ಸೇನ್. ಆ ಕಾಯಿದೆಯಂತೆ ಮದುವೆಯಾಗಬೇಕಾದರೆ ನಾನು ಹಿಂದೂ ಅಲ್ಲ, ಮುಸಲ್ಮಾನ ಅಲ್ಲ, ಕ್ರೈಸ್ತ ಅಲ್ಲ ಎಂದೆಲ್ಲ ಬರೆದುಕೊಡಬೇಕಿತ್ತು. 1923ರ ತಿದ್ದುಪಡಿಯಿಂದ ಹಿಂದೂ, ಬೌದ್ಧ, ಸಿಖ್, ಜೈನರು ಪರಸ್ಪರ ಮದುವೆಯಾಗಲು ಆ ಷರತ್ತು ತಪ್ಪಿತು. ಅದೇ ಕಾಯಿದೆ ಹುಡುಗಿಗೆ ಕನಿಷ್ಠ 14 ವರ್ಷ ಆಗಿರಬೇಕೆಂದು ಗೊತ್ತುಮಾಡಿತ್ತು. 1878ರಲ್ಲಿ ಕೇಶವಚಂದ್ರರು ತಮ್ಮ ಸ್ವಂತ ಮಗಳನ್ನು ಆ ವಯಸ್ಸು ತುಂಬುವ ಮೊದಲೇ ಕೂಚ್ ಬಿಹಾರದ ಮಹಾರಾಜನಿಗೆ ಕೊಟ್ಟರು. ಸಮಾಜ ಒಡೆದು ಎರಡಾಯಿತು. ಇದನ್ನು ಓದಿದಾಗ ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ನಮ್ಮ ಮನೆಯ ಗೋಡೆಯ ಫೋಟೋ ನೆನಪಾಯಿತು.

ಬೇರೆ ಬೇರೆ ಜಾತಿಯ ಹಿಂದೂಗಳ ಮದುವೆ ಊರ್ಜಿತವೆಂದು ದೇಶಕ್ಕೆಲ್ಲ ಅನ್ವಯಿಸುವ ಕಾಯಿದೆ ಹೇಳಿದ್ದು 1949ರಲ್ಲಿ. ಆಮೇಲೆ 1954ರ ವಿಶೇಷ ವಿವಾಹ ಕಾಯಿದೆ ಬಂತು. ಮೂವತ್ತು ದಿನದ ನೋಟೀಸು, ಮೂವರು ಸಾಕ್ಷಿ. ಮರುವರ್ಷ ಹಿಂದೂ ವಿವಾಹ ಕಾಯಿದೆ ಬಂತು. ಅದರ ಎರಡನೇ ಕಲಮಿನಲ್ಲಿ ಇದು ಯಾರಿಗೆ ಅನ್ವಯ ಎಂಬ ಒಂದು ವಾಕ್ಯವಿದೆ. ವೀರಶೈವ, ಲಿಂಗಾಯತ, ಬ್ರಹ್ಮ, ಪ್ರಾರ್ಥನಾ, ಆರ್ಯ ಸಮಾಜ ಎಂದು ಸಾಲಾಗಿ ಹೆಸರುಗಳು. ಕರ್ನಾಟಕ, ಬಂಗಾಳ, 1867ರಲ್ಲಿ ಪ್ರಾರ್ಥನಾ ಸಮಾಜ ಹುಟ್ಟಿದ ಮುಂಬೈ, ಮೂರೂ ಒಂದೇ ಬೆಂಚಿನ ಮೇಲೆ ಕೂತಿವೆ! ಏಳನೇ ಕಲಮಿನ ಪ್ರಕಾರ ವಧೂವರರಲ್ಲಿ ಯಾರ ಕಡೆಯ ಸಂಪ್ರದಾಯದಂತೆ ಮಾಡಿದರೂ ನಡೆಯುತ್ತದೆ. ನಾವು ಎರಡನ್ನೂ ಮಾಡುವುದೆಂದು ಗೊತ್ತಾಯಿತು. ಮುಂಜಾನೆ ನಮ್ಮ ಪದ್ಧತಿ, ಸಂಜೆ ಅವರದು. ಕಲ್ಯಾಣ ಸ್ಟೇಷನ್ನಿನ ಹತ್ತಿರವೇ ಒಂದು ಕಾರ್ಯಾಲಯ ಹಿಡಿದೆವು.

ಮುಂದೆ ಎರಡು ತಿಂಗಳು ಬರೀ ಓಡಾಟ. ನನ್ನ ಹೆಂಡತಿ, ಬೀಗತಿ ಇಬ್ಬರೂ ಮಧ್ಯಾಹ್ನದ ಖಾಲಿ ಲೋಕಲ್ ಹಿಡಿದು ದಾದರಿಗೆ ಹೋಗುವರು. ಬೆಳಗಿನ ಧಾರಣಕ್ಕೆ ಇಳಕಲ್ ಸೀರೆ, ಸಂಜೆಗೆ ಬನಾರಸಿ. ಬೀಗತಿ ಮೀನು ಮಾರ್ಕೆಟ್ಟಿಗೆ ಹೊಕ್ಕರೆ ನಮ್ಮವಳು ಹೂವಿನ ಚೀಲ ಹಿಡಿದು ದೂರ ನಿಲ್ಲುವಳು. ವಡಾಪಾವಿನ ಗಾಡಿಯ ಮುಂದೆ ಇಬ್ಬರೂ ಒಂದಾಗುವರು. ಅವರ ಟೋಪರ್ ಎಂಬ ಬಿಳಿಯ ಬೆಂಡಿನ ಕಿರೀಟ ನೋಡಿ ನಮ್ಮವಳು “ಇದು ನಮ್ಮ ಬಾಸಿಂಗದ ದೊಡ್ಡಣ್ಣ” ಅಂದಳು. ಅವರ ‘ಗಾಯೇ ಹಲುದ್’ ನಮ್ಮ ಅರಿಷಿಣ ಹಚ್ಚುವ ಶಾಸ್ತ್ರವೇ.

ತೊಡಕು ಬಂದದ್ದು ಅಲ್ಲೇ. ಅರಿಷಿಣದ ಜೊತೆ ಗಂಡಿನ ಕಡೆಯವರು ಒಂದು ದೊಡ್ಡ ಮೀನಿಗೆ ಸೀರೆ ಉಡಿಸಿ, ಮದುಮಗಳ ಹಾಗೆ ಸಿಂಗರಿಸಿ ಹೆಣ್ಣಿನ ಮನೆಗೆ ಕಳಿಸುತ್ತಾರೆ! ಅಕ್ಕ ಆಗಲೇ ಊರಿಂದ ಬಂದು ಕೂತಿದ್ದಳು. ನನ್ನ ಎದೆ ಹೊಡೆದುಕೊಂಡಿತು. ತಟ್ಟೆ ಬಂತು. ಕೆಂಪು ಬಟ್ಟೆ ಉಟ್ಟು, ಮೂಗಿನಲ್ಲಿ ನತ್ತು ಇಟ್ಟುಕೊಂಡ ಮೀನು. ಅಕ್ಕ ಸೆರಗು ಮೂಗಿಗೆ ಹಿಡಿದಳು. ಬೀಗತಿ ಅದರ ಬಾಲ ಮುರಿದು ಅಕ್ಕನ ಬಾಯಿಗೆ ಹಿಡಿದರು. ಛೇನಾದಿಂದ ಮಾಡಿದ ಸಂದೇಶದ ಮೀನು! ಅಕ್ಕ ಒಂದು ಚೂರು ತಿಂದು, “ಧಾರವಾಡ ಪೇಡೇದ ತಂಗಿ ಇದ್ದಂಗ ಐತಿ” ಅಂದಳು. ಅಲ್ಲಿಗೆ ಸೊಲ್ಲು ಮುಗಿಯಿತು.

ಆದರೆ ಇನ್ನೊಂದು ಶಾಸ್ತ್ರಕ್ಕೆ ಉಪಾಯವಿರಲಿಲ್ಲ. ಬಂಗಾಳಿ ಮದುವೆಯಲ್ಲಿ ಮದುಮಗಳನ್ನು ಮಣೆಯ ಮೇಲೆ ಕೂರಿಸಿ, ಅವಳ ಅಣ್ಣತಮ್ಮಂದಿರು ಹೊತ್ತು ವರನ ಸುತ್ತ ಏಳು ಸುತ್ತು ಹಾಕಬೇಕು. ಅವಳು ವೀಳ್ಯದೆಲೆಯಿಂದ ಕಣ್ಣು ಮುಚ್ಚಿಕೊಂಡಿರುತ್ತಾಳೆ. ನನಗೆ ಇರುವುದು ಒಬ್ಬಳೇ ಮಗಳು. ಅಣ್ಣತಮ್ಮಂದಿರು ಎಂದರೆ ನನ್ನ ತಮ್ಮನ ಇಬ್ಬರು ಮಕ್ಕಳು. ಬೇರೆ ಯಾರನ್ನೋ ನಿಲ್ಲಿಸಬಹುದು ಎಂದು ಬೀಗರು ಹೇಳಿದರು. ನನಗೆ ಮನಸ್ಸು ಒಪ್ಪಲಿಲ್ಲ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೇ ದಿನ ಫೋನು ಮಾಡಿದೆ. ಮೂವತ್ಮೂರು ವರ್ಷದ ಹಿಂದೆ ಯಾವುದಕ್ಕೆ ಬೇಡ ಅಂದಿದ್ದೆನೋ, ಅಂಥದೇ ಮದುವೆಗೆ ಹೆಗಲು ಕೊಡಲು ಮಕ್ಕಳನ್ನು ಕಳಿಸು ಎಂದು ಕೇಳಬೇಕಿತ್ತು. ಕೇಳಿದೆ. ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಹುಡುಗ್ರಷ್ಟ ಬರಬೇಕೇನ, ನಾನೂ ಬರಬೇಕೇನಣ್ಣಾ?” ಅಂದ.

2023ರ ಫೆಬ್ರುವರಿ. ಸೊಲ್ಲಾಪುರದ ಗಾಡಿ ಬೆಳಗಿನ ಕತ್ತಲಲ್ಲಿ ಕಲ್ಯಾಣಕ್ಕೆ ಬಂತು. 1854ರ ಮೇ 1ರಂದು ಈ ಊರಿಗೆ ಮೊದಲ ಗಾಡಿ ಬಂದದ್ದು. ಅದಕ್ಕೂ ಬಹಳ ಮುಂಚೆ, ಒಂದನೇ ಶತಮಾನದಲ್ಲೇ, ಗ್ರೀಕ್ ಭಾಷೆಯ ಸಮುದ್ರಯಾನದ ಗ್ರಂಥವೊಂದು ಕಲ್ಲಿಯೆನಾ ಎಂಬ ಬಂದರನ್ನು ಹೆಸರಿಸುತ್ತದೆ. ಅದು ಇದೇ ಊರು ಅನ್ನುತ್ತಾರೆ. ಎರಡು ಸಾವಿರ ವರ್ಷದಿಂದ ಪರಊರಿನವರನ್ನು ಇಳಿಸಿಕೊಂಡ ಊರು. ಆವತ್ತು ನನ್ನ ತಮ್ಮನನ್ನೂ ಇಳಿಸಿಕೊಂಡಿತು.

ಮುಂಜಾನೆ ಅಯ್ಯನವರು ಬಂದು ನಮ್ಮ ಪದ್ಧತಿಯಂತೆ ಲಗ್ನ ಮಾಡಿಸಿದರು, ಅಕ್ಕಿಕಾಳು ಬಿದ್ದವು. ಬಂಗಾಳದಲ್ಲಿ ಮಗನ ಮದುವೆಯನ್ನು ತಾಯಿ ನೋಡಬಾರದೆಂದು ಹಳೆಯ ರೂಢಿ. ಬೀಗತಿ ಮೊದಲ ಸಾಲಿನಲ್ಲೇ ಕೂತಿದ್ದರು. “ಇದು ನಿಮ್ಮ ಮದುವೆ, ನಾನು ನೋಡಬಹುದು,” ಅಂದು ಕಣ್ಣೊರೆಸಿಕೊಂಡರು. ಸಂಜೆ ನನ್ನ ತಮ್ಮನ ಮಕ್ಕಳು, ಹುಡುಗನ ಗೆಳೆಯರಿಬ್ಬರ ಆಸರೆಯಲ್ಲಿ, ಮಣೆ ಹೊತ್ತರು. ನಾಲ್ಕನೇ ಸುತ್ತಿಗೆ ಕೈ ಸೋತಾಗ ಯಾರೋ ಬಂದು ಮಣೆಗೆ ಹೆಗಲು ಕೊಟ್ಟರು. ನೋಡಿದರೆ ನನ್ನ ತಮ್ಮ. ಅರವತ್ತರ ಹತ್ತಿರ ಬಂದವನು.

ಮನೆತನದಲ್ಲಿ ಇದಿಲ್ಲ, ಅದಿಲ್ಲ ಎಂದು ಹೇಳುವ ಮುಂಚೆ ಊರಲ್ಲಿರುವ ಹಿರಿಯರು ಹಿಂದಿನ ಪುಟ ಒಮ್ಮೆ ತಿರುವಿ ನೋಡಬೇಕು ಎಂದು ಈಗ ನಾನು ಹೇಳಬಲ್ಲೆ. ನಾನು ಅದನ್ನು ತಡವಾಗಿ ನೋಡಿದವನು. ಬ್ಯಾಂಕಿನಲ್ಲಿ ತಪ್ಪು ಎಂಟ್ರಿ ಬಿದ್ದರೆ ಮರುದಿನ ತಿರುವಿ ಹಾಕುತ್ತೇವೆ. ಇದು ಆ ಲೆಕ್ಕಕ್ಕೆ ಬರುವುದಿಲ್ಲ. ಆ ಮರಾಠಿ ಹುಡುಗಿ ಈಗ ಎಲ್ಲಿದ್ದಾಳೋ!

ಮರುದಿನ ರಾತ್ರಿ ಅದೇ ಕಲ್ಯಾಣ ಸ್ಟೇಷನ್ನಿನಲ್ಲಿ ತಮ್ಮನನ್ನು ಕಳಿಸಲು ನಿಂತಿದ್ದೆ. “ಆವತ್ತ ನಂದು ತಪ್ಪಾತು,” ಅಂದೆ. ಅವನು ಹಳಿಯ ಕಡೆ ನೋಡುತ್ತ, “ಗಾಡಿ ಬಂತು ನೋಡಣ್ಣಾ, ಚೀಲ ಕೊಡು,” ಅಂದ. ಬೆಳಿಗ್ಗೆ ಎದ್ದಾಗ ಫೋನು ಬಂತು. ಮೂವತ್ಮೂರು ವರ್ಷದಲ್ಲಿ ಅವನಾಗಿ ಮಾಡಿದ ಮೊದಲ ಫೋನು. “ಮುಟ್ಟಿದೆನಣ್ಣಾ” ಅಂದ.